ಗೆಣಸಿನ ಬೌಲ್‌ನ ಕಿತ್ತಳೆ ಕೋಟು

ಸೇಂಟ್ ಕ್ಲೋವಿಸ್, ಲೂಯಿಸಿಯಾನಾ
ಡಿಸೆಂಬರ್ ೯, ಮಂಗಳವಾರ

ಮುದ್ದಿನ ರೆಮಿ,

ಹೇಗಿದ್ದೀಯ ಮರಿ? ಕೆಮ್ಮು ಬಿಟ್ಟಿತೇ? ಅಲ್ಲಿ ಆಗಲೇ ಹಿಮ ಬಿದ್ದಿದೆಯೆಂದು ನಿನ್ನ ಅಮ್ಮ ಹೇಳಿದಳು. ನಾನು ಹೆಣೆದು ಕಳಿಸಿದ ಟೋಪಿ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ನಿನ್ನ ಜೊತೆ ಓಡಾಡುವ ಆ ಹುಡುಗಿಗೆ ಕೊಟ್ಟುಬಿಟ್ಟೆಯೋ? ಕೊಟ್ಟಿದ್ದರೆ ನನಗೇನೂ ಬೇಸರವಿಲ್ಲ, ಇನ್ನೊಂದು ಹೆಣೆದರಾಯಿತು. ನನ್ನ ಸೊಂಟ ನೋವು ಇದ್ದ ಹಾಗೇ ಇದೆ. ತಾತನಿಗೆ ಡಾಕ್ಟರು ಸಕ್ಕರೆ ಬಿಡಿಸಿದ್ದಾರೆ, ಆದರೂ ಕಾಫಿಯಲ್ಲಿ ಚಮಚ ತಿರುಗಿಸುವ ಅಭ್ಯಾಸ ಬಿಟ್ಟಿಲ್ಲ. ಈಗಲೂ ಮೇಜಿನ ಆಚೆ ಕುಳಿತು ಬರೀ ಕಾಫಿಯನ್ನೇ ಕಲಕುತ್ತಿದ್ದಾರೆ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನಮ್ಮ ಫೋನು ಇರುವುದು ಅಡುಗೆಮನೆಯ ಗೋಡೆಯಲ್ಲಿ, ನಿನ್ನ ತಾತ ಒಂದು ವಾರದಿಂದ, ಕೊಟ್ಟಿಗೆಗೆ ಒಂದು ಗಳಿಗೆ ಹೋಗಿ ಬರುವುದು ಬಿಟ್ಟರೆ, ಅಡುಗೆಮನೆಯಿಂದ ಕದಲುತ್ತಿಲ್ಲ. ಏನು ಬರೆಯುತ್ತಿದ್ದೀಯ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಕತ್ತು ಮಾತ್ರ ಉದ್ದ ಮಾಡುತ್ತಾರೆ.

ನಮ್ಮ ಗೆಣಸಿನ ಬೌಲ್ ಪಂದ್ಯದ ಪಾಡು ನಿನಗೆ ಗೊತ್ತೇ ಇದೆ. ಒಂದು ಕಾಲದಲ್ಲಿ ಕಾಲೇಜು ಫುಟ್‌ಬಾಲ್ ಸೀಸನ್ ಮುಗಿದ ಮೇಲೆ ಎರಡು ತಂಡಗಳನ್ನು ಕರೆಸಿ ಈ ಊರಿನಲ್ಲಿ ಒಂದು ಆಟ ಆಡಿಸುತ್ತೇವೆ ಎಂದರೆ ಅದು ಮದುವೆ ಮನೆಯ ಹಾಗಿತ್ತು. ನಮ್ಮ ಹೊರಕೋಣೆಯಲ್ಲಿ ಕಂಡು ಕೇಳದ ಹುಡುಗರ ಅಪ್ಪ ಅಮ್ಮಂದಿರು ಮಲಗುತ್ತಿದ್ದರು, ನಾನು ದೊಡ್ಡ ಪಾತ್ರೆಯಲ್ಲಿ ಗಂಬೋ ಸಾರು ಕುದಿಸುತ್ತಿದ್ದೆ. ಈಗ ದೊಡ್ಡ ತಂಡಗಳಿಗೆಲ್ಲ ಪ್ಲೇಆಫ್ ಬಂದಿದೆ, ದೇಶದ ಕಣ್ಣೆಲ್ಲ ಅದರ ಮೇಲೆ. ನಮ್ಮ ಪಾಲಿಗೆ ಬರುವುದು ಉಳಿದ ತಂಡಗಳು, ಅವುಗಳಲ್ಲೂ ಒಳ್ಳೆಯ ಹುಡುಗರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಒಬ್ಬ ಬೇರೆ ಕಾಲೇಜಿಗೆ ಹಾರುತ್ತಾನೆ, ಇನ್ನೊಬ್ಬ ವೃತ್ತಿ ಲೀಗಿಗೆ ಹೋಗಬೇಕೆಂದು ಮೈ ಕಾಪಾಡಿಕೊಳ್ಳುತ್ತಾನೆ. ಹೋದ ವರ್ಷ ಸ್ಟೇಡಿಯಮ್ಮಿನಲ್ಲಿ ಜನರಿಗಿಂತ ಬಾತುಕೋಳಿಗಳೇ ಹೆಚ್ಚಿದ್ದವು. ದುಡ್ಡು ಹಾಕಿ ಬೌಲ್‌ನ ಹೆಸರಿಗೆ ತಮ್ಮ ಹೆಸರು ಅಂಟಿಸಿಕೊಂಡ ಟೈರ್ ಕಂಪನಿಯವರು, ಈ ಸಲವೂ ಬೆಂಚುಗಳು ಖಾಲಿ ಹೊಡೆದರೆ ನಾವಿಲ್ಲ ಎಂದು ಹೇಳಿ ಹೋಗಿದ್ದಾರೆ. ಅವರಿಲ್ಲದಿದ್ದರೆ ಬೌಲ್ ಇಲ್ಲ.

ಅದಕ್ಕೇ ಬೌಲ್ ನಡೆಸುವ ಕಮಿಟಿಯವರೆಲ್ಲ ಬಾಯೂ ಟೆಕ್ ತಂಡವನ್ನು ಕರೆಯೋಣ ಎಂದರು. ಪಕ್ಕದ ಊರು, ಈ ವರ್ಷ ಚೆನ್ನಾಗಿ ಗೆದ್ದಿದ್ದಾರೆ, ಅಜ್ಜಿ ತಾತಂದಿರನ್ನೂ ಟ್ರಕ್ಕಿನಲ್ಲಿ ತುಂಬಿಕೊಂಡು ಬಂದು ಕೂರುವ ಜನ. ನಿನ್ನ ತಾತ ಒಬ್ಬರೇ ಪಟ್ಟು ಹಿಡಿದರು. ನಮ್ಮ ರೆಮಿಯ ತಂಡ ಹ್ಯಾಡ್ಲಿ ಸ್ಟೇಟ್ ಬರಬೇಕು, ಅವನು ಓಡುವುದನ್ನು ಈ ಊರು ನೋಡಬೇಕು, ಅವನ ಹೆಸರಿಗೇ ಜನ ಬರುತ್ತಾರೆ ಎಂದರು. ಕಮಿಟಿಯ ಕಿತ್ತಳೆ ಕೋಟನ್ನು ಅವರಷ್ಟು ವರ್ಷ ಹಾಕಿದವರು ಬೇರೆ ಯಾರೂ ಇಲ್ಲ. ಹಿರಿಯರ ಮಾತು ತೆಗೆದುಹಾಕುವುದು ಹೇಗೆಂದು ಒಪ್ಪಿಕೊಂಡರು. ಆ ದಿನ ತಾತ ಮನೆಗೆ ಬಂದವರೇ ನನ್ನನ್ನು ಹಿಡಿದು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿಸಿದರು. ನನ್ನ ಸೊಂಟ ಅವರ ಕಣ್ಣಿಗೆ ಬೀಳಲೇ ಇಲ್ಲ.

ಮರುವಾರವೇ, ನೀನೂ ವೃತ್ತಿ ಲೀಗಿಗಾಗಿ ಮೈ ಕಾಪಾಡಿಕೊಳ್ಳಲು ಆಡುವುದಿಲ್ಲವೆಂಬ ಸುದ್ದಿ ಬಂತು. ನಿನ್ನ ಬಾಯಿಂದ ಬಂದಿದ್ದರೆ ಒಂದು ತರಹ. ಮೀನಿನ ಗಾಳ ಮಾರುವ ಆ ಎವಾರಿಸ್ಟ್ ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ, ತನ್ನ ಫೋನು ತೋರಿಸಿ ಹೇಳಿದ. "ಏನಪ್ಪಾ ಅಲ್ಸೀಡ್, ಮೊಮ್ಮಗನ್ನ ನೋಡ್ಬೇಕು ಅಂತ ತಂಡ ಕರೆಸ್ದೆ, ಈಗ ಮೊಮ್ಮಗ ಒಬ್ಬನ್ನ ಬಿಟ್ಟು ಮಿಕ್ಕೋರೆಲ್ಲ ಬರ್ತಾವ್ರಲ್ಲ" ಎಂದ. ಜನ ನಕ್ಕರು. ನಿನ್ನ ತಾತನೂ ನಕ್ಕರು. ಮನೆಗೆ ಬಂದು ಕೋಟು ಬಿಚ್ಚದೆ ಬಹಳ ಹೊತ್ತು ಕುಳಿತಿದ್ದರು. ಆಮೇಲೆ "ಹುಡುಗ ಸರಿಯಾಗೇ ಮಾಡಿದಾನೆ, ಒಡೀಲ್" ಎಂದರು. ಅಷ್ಟೇ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ನಾನೂ ಎದುರು ಬೈದು ಜಗಳ ಮುಗಿಸುತ್ತಿದ್ದೆ.

ಈಗ ಕಮಿಟಿಯ ಹೆಂಗಸರು ಅಂಗಡಿಯಲ್ಲಿ ಸಿಕ್ಕರೆ ಅಕ್ಕಿ ಚೀಲ ನೋಡುವವರಂತೆ ಮುಖ ತಿರುಗಿಸುತ್ತಾರೆ. ಒಬ್ಬಳು ಮಾತ್ರ ತೋಳು ಹಿಡಿದು "ನೀನಾದ್ರೂ ಒಂದ್ ಮಾತು ಬರಿ ಅವ್ನಿಗೆ, ಅಜ್ಜಿ ಮಾತು ಮೀರ್ತಾನಾ" ಎಂದಳು. ಬರೆಯುತ್ತೇನೆ ಎಂದೆ. ಇಗೋ ಬರೆಯುತ್ತಿದ್ದೇನೆ, ಆದರೆ ಏನು ಬರೆಯಲಿ ಹೇಳು. ಆಡು ಎನ್ನಲು ನಾಲಿಗೆ ಏಳುವುದಿಲ್ಲ. ಬೇಡ ಎಂದರೆ ಎದುರಿಗೆ ಕುಳಿತವರ ಮುಖ ನೋಡಲಾಗುವುದಿಲ್ಲ. ಇಬ್ಬರ ಮಧ್ಯೆ ಸಿಕ್ಕಿಕೊಂಡಿದ್ದೇನೆ ಮರಿ, ನನ್ನ ಕೈಯಲ್ಲಿ ಏನೂ ಇಲ್ಲ.

ತಾತ ಕೊಟ್ಟಿಗೆಯಲ್ಲಿ ಗೆಣಸು ಆರಿಸಿಟ್ಟಿದ್ದಾರೆ. ಆಟದ ದಿನ ಬೆಳಿಗ್ಗೆ ಬೂದಿಯಲ್ಲಿ ಸುಟ್ಟು, ತಂಡದ ಬಸ್ಸು ಹತ್ತಿ, ಪ್ರತಿ ಹುಡುಗನ ಹೆಸರು ಕರೆದು ಕೈಗೆ ಬಿಸಿಬಿಸಿಯಾಗಿ ಕೊಡುವ ಕೆಲಸ ಇಷ್ಟು ವರ್ಷವೂ ಅವರದ್ದೇ. ನಿನ್ನ ಅಪ್ಪ ಲೂಕ್ ಇಲ್ಲಿ ಆಡಿದ ವರ್ಷ ಅವನಿಗೂ ಅವರೇ ಕೊಟ್ಟಿದ್ದು. ಅದೇ ಸಂಜೆ ಅವನ ಮಂಡಿ ಹೋಯಿತು. ಮೊನ್ನೆ ಲೂಕ್ ಬಂದಿದ್ದ, ವರಾಂಡದ ಮೆಟ್ಟಿಲನ್ನು ಈಗಲೂ ಒಂದೇ ಕಾಲು ಮುಂದಿಟ್ಟು ಹತ್ತುತ್ತಾನೆ. ನಿನ್ನ ವಿಷಯ ಎತ್ತಲಿಲ್ಲ. ಅಪ್ಪ ಮಗ ಇಬ್ಬರೂ ಕುಳಿತು ಟ್ರಕ್ಕಿನ ಬ್ಯಾಟರಿಯ ವಿಷಯವನ್ನೇ ಮಾತಾಡಿದರು.

ಊಟ ಸರಿಯಾಗಿ ಮಾಡು, ಅಂಗಡಿಯ ಪ್ಯಾಕೆಟ್ ಊಟ ನಂಬಬೇಡ. ಆ ಹುಡುಗಿಗೂ ನನ್ನ ನೆನಪು ಹೇಳು. ತಾಯಿ ಮೇರಿ ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ. ತಾತ "ನಾನು ಕೇಳ್ದೆ ಅಂತ ಬರಿ" ಎನ್ನುತ್ತಿದ್ದಾರೆ, ಬರೆದಿದ್ದೇನೆ.

ನಿನ್ನ ಅಜ್ಜಿ,
ಒಡೀಲ್

ತಾ.ಕ.: ಅವರು ಗೆಣಸು ನೋಡಲು ಕೊಟ್ಟಿಗೆಗೆ ಹೋದರು. ಟಪಾಲು ವ್ಯಾನು ತಿರುವಿನಲ್ಲಿದೆ, ಬೇಗ ಬರೆಯುತ್ತೇನೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಅವರು ನಿನಗೆ ಫೋನ್ ಮಾಡುತ್ತಾರೆ. ನನಗೆ ಹೇಳಿಲ್ಲ. ನಿನ್ನೆ ಮೊಟ್ಟೆ ತರಲು ಹೋದಾಗ ಕೊಟ್ಟಿಗೆಯ ಗೋಡೆ ನೋಡುತ್ತಾ, "ಭಾನುವಾರ ಪೂಜೆ ಆದ್ಮೇಲೆ ಫೋನ್ ಮಾಡ್ತೀನಿ" ಎಂದುಕೊಂಡು ಒಬ್ಬರೇ ಮಾತು ಕೂಡಿಸಿಕೊಳ್ಳುತ್ತಿದ್ದರು. "ಪೂರ್ತಿ ಆಡ್ಬೇಡ ಮಗಾ, ಮೊದಲರ್ಧ ಅಷ್ಟೇ, ನನಗೋಸ್ಕರ" ಎನ್ನುತ್ತಿದ್ದರು. ಲೂಕ್ ಆ ವರ್ಷ ಕಾಲು ನೋಯುತ್ತಿದೆ, ಆಡುವುದಿಲ್ಲ ಎಂದಿದ್ದ. ಅವನಿಗೂ ಅವರು ಹೇಳಿದ್ದು ಇದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ನಿನ್ನ ಮನಸ್ಸು ನನಗೆ ಗೊತ್ತು, ಆ ಧ್ವನಿ ಕೇಳಿದರೆ ಹೂಂ ಎಂದುಬಿಡುತ್ತೀಯ. ಅವರನ್ನು ತಡೆಯಲು ನನ್ನಿಂದ ಆಗುವುದಿಲ್ಲ. ಫೋನ್ ಎತ್ತಬೇಡ. ಎಷ್ಟು ಸಲ ಹೊಡೆದುಕೊಂಡರೂ ಎತ್ತಬೇಡ. ಇಲ್ಲಿ ಗೋಡೆಯ ಪಕ್ಕ ಅವರು ಫೋನು ಹಿಡಿದು ನಿಂತಿರುವುದನ್ನು ನಾನು ನೋಡುತ್ತಾ ಕೂರುತ್ತೇನೆ.