ಕುಲುಮೆಯಿಂದ ಹತ್ತು ದಿನ ರಜೆ

ನನ್ನ ಬಿಂದು,

ನೀನು ವಿದ್ಯಾರಣ್ಯಪುರಂನ ತವರಿಗೆ ಹೋಗಿ ಇವತ್ತಿಗೆ ಮೂರು ತಿಂಗಳು. ಮನೆಯಲ್ಲಿ ಅವ್ವ ಇದ್ದಾಳೆ, ಆದರೂ ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎನ್ನುವ ಮುಖ ನನಗೂ ಇಲ್ಲ. ಅದಕ್ಕೇ ಈ ಕಾಗದ.

ಮಕ್ಕಳಾಗಲಿಲ್ಲವೆಂದು ನಾಲ್ಕು ವರ್ಷ ಅವ್ವ ನಿನ್ನನ್ನು ಅರಳಿಕಟ್ಟೆ ಸುತ್ತಿಸಿದಳು, ಕಷಾಯ ಕುಡಿಸಿದಳು. ನಿನ್ನ ಪರೀಕ್ಷೆಗಳಲ್ಲಿ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ನಾನು ಯಾರಿಗೂ ಹೇಳದೆ ವೀರ್ಯ ಪರೀಕ್ಷೆಗೆ ಹೋದೆ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಕುಲುಮೆಯ ಮುಂದೆ ನಿಲ್ಲುವವನಲ್ಲವೇ, ಆ ಕಾವು ಗಂಡಸಿಗೆ ಒಳ್ಳೆಯದಲ್ಲ ಎಂದು ಜೊತೆಗಾರ ಶಿವಲಿಂಗಯ್ಯ ಹೇಳಿದ್ದ. ಹತ್ತು ದಿನ ರಜೆ ಹಾಕಿ, ತಣ್ಣೀರು ಸ್ನಾನ ಮಾಡಿ, ಮೈ ತಂಪಾಯಿತು ಅಂದುಕೊಂಡು ಹೋಗಿದ್ದೆ. ವೀರ್ಯಾಣು ತೀರಾ ಕಡಿಮೆ ಎಂದು ವರದಿ ಬಂತು. ತಂಪಾಗಿದ್ದೂ ಇಷ್ಟೇ ಎಂದರೆ ಇದು ನನ್ನ ಹುಟ್ಟಿನ ಕೊರತೆ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ವರದಿಯನ್ನು ಊಟದ ಚೀಲದಲ್ಲಿ ಬಚ್ಚಿಟ್ಟೆ. ಆ ಸಂಜೆಯೇ ಅವ್ವ ನಿನ್ನನ್ನು ಬಂಜೆ ಎಂದಳು. ನೀನು ನನ್ನ ಮುಖ ನೋಡಿದೆ. ನಾನು ಟಿ.ವಿ. ನೋಡುತ್ತಾ ಕೂತೆ.

ಹೋದ ವಾರ ಡಾಕ್ಟರ್ ಶುಭಾ ಅವರ ಬಳಿ ಹೋದೆ. ವೃಷಣದೊಳಗೆ ದುಂಡಗಿನ ಜೀವಕೋಶವೊಂದು ಒಡೆದು ಒಡೆದು, ತಲೆ ಸಣ್ಣದಾಗಿ, ಬಾಲ ಮೂಡಿ ವೀರ್ಯಾಣುವಾಗಿ, ಆಮೇಲೆ ಉದ್ದದ ಸುರುಳಿ ನಾಳದಲ್ಲಿ ಈಜುವ ಶಕ್ತಿ ಪಡೆಯುತ್ತದಂತೆ. ಹೋರಿಗೂ ಟಗರಿಗೂ ಇದೇ ಕ್ರಮ, ದಿನಗಳಷ್ಟೇ ಬೇರೆ. ಇದಕ್ಕೆಲ್ಲಾ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕಂತೆ. ನನ್ನ ಹತ್ತು ದಿನದ ರಜೆ ಕೇಳಿ ಅವರು, "ನಿಮ್ದು ಅವತ್ತು ಎಣಿಸಿದ್ದು ಎರಡೂವರೆ ತಿಂಗಳ ಹಿಂದೆ ಶುರುವಾದದ್ದು ಕಣ್ರೀ" ಎಂದರು. ಅಂದರೆ ಅದು ನಾನು ಕುಲುಮೆಯ ಮುಂದೆ ನಿಂತಿದ್ದ ದಿನಗಳ ಲೆಕ್ಕ, ಹತ್ತು ದಿನದ ತಂಪಿನದಲ್ಲ; ಹುಟ್ಟಿನ ಕೊರತೆ ಎಂಬ ನನ್ನ ತೀರ್ಪಿಗೆ ಆಧಾರವೇ ಇರಲಿಲ್ಲ.

ಈಗ ಕುಲುಮೆ ಬಿಟ್ಟು ಪ್ಯಾಕಿಂಗ್ ವಿಭಾಗಕ್ಕೆ ಕೇಳಿಕೊಂಡು ಹೋಗಿದ್ದೇನೆ. ಎರಡೂವರೆ ತಿಂಗಳ ನಂತರ ಮತ್ತೆ ಪರೀಕ್ಷೆ. ಸರಿಹೋಗಬಹುದು, ಹೋಗದೆಯೂ ಇರಬಹುದು. ಅಲ್ಲಿಯವರೆಗೆ ಕಾದು, ಒಳ್ಳೆಯ ವರದಿ ಹಿಡಿದುಕೊಂಡೇ ನಿನ್ನೆದುರು ಬರೋಣ ಎಂಬ ಆಸೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆ ಆಸೆಗೆ ನನಗೇ ಅಸಹ್ಯವಾಯಿತು. ನಿನ್ನೆ ಅವ್ವನಿಗೆ ಎಲ್ಲಾ ಹೇಳಿಬಿಟ್ಟೆ. "ನಾನ್ ಎಂಗೆ ಅವ್ಳ ಮಕ ನೋಡ್ಲೋ" ಎಂದು ಅತ್ತಳು.

ಭಾನುವಾರ ಬೆಳಿಗ್ಗೆ ಬರುತ್ತೇನೆ. ವಾಪಸ್ ಬಾ ಎಂದು ಕರೆಯಲು ಅಲ್ಲ, ಆ ಹಕ್ಕು ಕಳೆದುಕೊಂಡಿದ್ದೇನೆ. ಕೊರತೆಯೂ ನನ್ನದು, ಮುಚ್ಚಿಟ್ಟ ತಪ್ಪೂ ನನ್ನದು ಎಂದು ನಿಮ್ಮಮ್ಮನ ಎದುರು ಹೇಳುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ. ಅಕ್ಕಪಕ್ಕದವರೂ ಕೇಳಲಿ.

ನನ್ನ ಜೊತೆಗಿದ್ದರೂ, ಇಲ್ಲದಿದ್ದರೂ, ನೀನು ತಲೆಯೆತ್ತಿ ಬಾಳು.

ಅವತ್ತು ಬಾಯಿ ಬಿಡದ
ಕುಮಾರಸ್ವಾಮಿ