ಡಿಕ್ಕಿ ತೆಗೆಯುವ ಮುನ್ನ

ತಮ್ಮನಂಥ ಇನ್‌ಸ್ಪೆಕ್ಟರ್ ಸಾಹೇಬನಿಗೆ ಅಕ್ಕನ ಆಶೀರ್ವಾದ.

ನೀನು ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರಿದಾಗ, ಹೆಡ್ ಕಾನ್‌ಸ್ಟೆಬಲ್ ಆಗಿದ್ದ ನಮ್ಮವರು ಪ್ರತಿ ಭಾನುವಾರ ನಮ್ಮ ಅಂಗಳದಲ್ಲೇ ನಿನಗೆ ಪಾಠ ಮಾಡುತ್ತಿದ್ದರಲ್ಲ, ನೆನಪಿದೆಯೇ? ನಿಂತ ಕಾರಿನಲ್ಲಿ ನಾನು ಸ್ಟೇರಿಂಗ್ ಹಿಡಿದು ಕೂರಬೇಕು, ನೀನು ಬಂದು ತಡೆಯಬೇಕು. ಮೊದಲ ದಿನ ನೀನು ನೆಟ್ಟಗೆ ಹೋಗಿ ಡಿಕ್ಕಿ ಎತ್ತಿದೆ. ಒಗೆಯಲು ಕೊಡಬೇಕಿದ್ದ ಇವರ ಬನಿಯನ್ನುಗಳು ನೆಲಕ್ಕೆ ಬಿದ್ದವು. ನಾನು ನಗು ತಡೆಯಲಾರದೆ ಹಾರ್ನ್ ಒತ್ತಿಬಿಟ್ಟೆ. ಇವರು ಮಾತ್ರ ನಗಲಿಲ್ಲ.

"ದೀಪ ಕೆಟ್ಟಿದ್ರೆ ನಿಲ್ಸು, ಹೇಳು, ಚೀಟಿ ಬರಿ. ಡಿಕ್ಕಿ ತೆಗೀಬೇಕಂದ್ರೆ ಗಟ್ಟಿ ಕಾರಣ ಇರ್ಬೇಕು, ಇಲ್ಲಾ ಅವ್ರು ಹೂಂ ಅನ್ಬೇಕು. ಅದು ಕಾನೂನು ಕಣಯ್ಯಾ" ಎಂದು ನಿನ್ನನ್ನು ಒಂಬತ್ತು ಸಲ ಗೇಟಿಗೆ ವಾಪಸು ಕಳಿಸಿದರು.

ಮೊನ್ನೆ ನಿನ್ನ ಇಬ್ಬರು ಕಾನ್‌ಸ್ಟೆಬಲ್‌ಗಳು ಅದೇ ಕಾರನ್ನು ತಡೆದರು. ಹಿಂದಿನ ದೀಪ ಕೆಟ್ಟಿತ್ತು, ತಪ್ಪು ನನ್ನದೇ. ಈಗ ಸರಿ ಮಾಡಿಸಿದ್ದೇನೆ. ಆದರೆ ಅವರು ಒಂದು ಮಾತೂ ಕೇಳದೆ ಡಿಕ್ಕಿ ತೆಗೆದರು. ಒಳಗೆ ಇವರ ಅಂಗಿಗಳಿದ್ದವು. ಇವರು ಹೋಗಿ ವರ್ಷವಾಯಿತು, ಇನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಮನಸ್ಸು ಗಟ್ಟಿ ಮಾಡಿಕೊಂಡು ಇಸ್ತ್ರಿ ಹಾಕಿ ಮಡಿಸಿದ್ದೆ. ಒಂದೊಂದನ್ನೂ ಕೊಡವಿ ನೋಡಿದರು. ಎಲ್ಲವನ್ನೂ ಮುದ್ದೆ ಮಾಡಿಕೊಂಡು ಮನೆಗೆ ತಂದೆ.

ದೂರು ಕೊಡುವುದಿಲ್ಲ. ಭಾನುವಾರ ಅವರಿಬ್ಬರನ್ನೂ ಕರೆದುಕೊಂಡು ಬಾ. ಪಾಠ ನೀನೇ ಮಾಡಬೇಕು. ನಾನು ಸ್ಟೇರಿಂಗ್ ಹಿಡಿದು ಕೂತಿರುತ್ತೇನೆ. ಅಂಗಿಗಳನ್ನು ಮತ್ತೆ ಮಡಿಸಿ ಡಿಕ್ಕಿಯಲ್ಲೇ ಇಟ್ಟಿದ್ದೇನೆ. ಸರಿಯಾಗಿ ಕೇಳಿದರೆ ಹೂಂ ಅನ್ನುತ್ತೇನೆ. ಅಂಗಿಗಳನ್ನೂ ಅವರೇ ತೆಗೆದುಕೊಂಡು ಹೋಗಲಿ.

ಇಂತಿ,
ಹಾರ್ನ್ ಒತ್ತಿದ ನಿನ್ನ ಅಕ್ಕ