ಸತ್ತವನಿಗೆ ಹುಟ್ಟುಹಬ್ಬದ ಹಾಡು

ಮಣ್ಣಲ್ಲಿ ಮಲಗಿರುವ ಚೆಂಚೊಗೆ,

ನಿನ್ನ ಕಹಳೆ ನಿಂತು ವರ್ಷವಾಯಿತು. ನಿನ್ನ ಮನೆ ಬಾಗಿಲಲ್ಲಿ ನಡೆದ ಹೊಲಸನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಥೂ, ಬರೆಯಲೂ ಹೇಸಿಗೆ.

ನನ್ನ ಮಗಳು ಯಾದಿರಾಳನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದು, ಅವಳಿಗೆ ಧರ್ಮತಂದೆಯಾಗಿ, ನನಗೆ ಕೊಂಪಾದ್ರೆ ಆದವನು ನೀನು. ಅದೇ ಯಾದಿರಾ ನಮ್ಮ ಮರಿಯಾಚಿ ವಾದ್ಯತಂಡದ ಬುಕಿಂಗನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿದ್ದಾಳೆ. "ಅಪ್ಪಾ, ಗಿರಾಕಿ ಹೆಸರು ಒಂದ್ಸಲ ಒಳಗೆ ಹೋದ್ರೆ ಸಾಕು, ಮುಂದಿಂದೆಲ್ಲ ತಾನೇ ನಡೆಯುತ್ತೆ" ಅಂದಳು.

ನಡೆಯಿತು. ಮದುವೆಯೋ ಮಣ್ಣೋ ಎಂದು ನಾವು ಯಾವತ್ತು ಬರೆದುಕೊಂಡಿದ್ದೆವು? ಯಾರಿಗೆ, ಯಾವ ಬೀದಿ, ಎಷ್ಟು ಹೊತ್ತಿಗೆ, ಅಷ್ಟೇ. ಉಳಿದದ್ದು ಬಾಗಿಲಲ್ಲಿ ನಿಂತು ಮುಖ ನೋಡಿದರೆ ತಿಳಿಯುತ್ತಿತ್ತು. ನಿನ್ನನ್ನು ಮಣ್ಣು ಮಾಡಿದ ದಿನ ನಾವು ಬಾರಿಸಿದ್ದೂ ಹಾಗೆಯೇ ಕಂಪ್ಯೂಟರಿನೊಳಗೆ ಹೋಯಿತು. ಅದಕ್ಕೋ, ವಾದ್ಯ ಬಾರಿಸಿದ ದಿನವೆಲ್ಲ ಹುಟ್ಟುಹಬ್ಬವೇ. ವರ್ಷ ತುಂಬುತ್ತಲೇ ನಿನ್ನ ಹೆಂಡತಿ ಒಟಿಲಿಯಾಳ ಫೋನಿಗೆ ಸಂದೇಶ: "ಚೆಂಚೊ ಅವರ ಸಂತೋಷದ ದಿನ ಮತ್ತೆ ಬಂದಿದೆ! ಈ ಸಲವೂ ಬರೋಣವೇ?" ಪಾಪ, ಕನ್ನಡಕ ಹಾಕದೆ, ನಿನ್ನ ವರ್ಷದ ಪ್ರಾರ್ಥನೆಗೆ ಕೇಳುತ್ತಿದ್ದಾರೆಂದುಕೊಂಡು ಹೂಂ ಒತ್ತಿದಳು.

ಬೆಳಗಿನ ಜಾವ ನಮ್ಮ ಹುಡುಗರು ಅವಳ ಕಿಟಕಿ ಕೆಳಗೆ ಹುಟ್ಟುಹಬ್ಬದ ಹಾಡು ಬಾರಿಸಿದರು. ಕರಿ ಬಟ್ಟೆಯಲ್ಲಿ ನಿಂತವಳ ಮುಖವನ್ನು ಒಬ್ಬ ಮುಠ್ಠಾಳನೂ ನೋಡಲಿಲ್ಲ. ಫೋನಿನಲ್ಲಿ ಬಂದ ಹಾಡಿನ ಹೆಸರು ನೋಡಿದರು.

ಆಮೇಲೆ ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳಿತಂತೆ ಆ ದರಿದ್ರ ಯಂತ್ರ. ಅವಳು ಒಂದೇ ಒಂದು ಒತ್ತಿದಳು. ಕಡಿಮೆ ನಕ್ಷತ್ರ ಬಂದರೆ ಕ್ಷಮೆ ಕೇಳಿ ಒಂದು ಪುಕ್ಕಟೆ ಹಾಡು ಕಳಿಸು ಎಂದು ಯಾದಿರಾ ಅದಕ್ಕೆ ಮೊದಲೇ ಕಲಿಸಿಟ್ಟಿದ್ದಳು. ಮರುದಿನ ಮತ್ತೆ ಅದೇ ಹುಡುಗರು, ಅದೇ ಹಾಡು!

ಸುದ್ದಿ ಕೇಳಿ ಓಡಿದೆ. ಹುಡುಗನ ಬಾಯಿಂದ ಕಹಳೆ ಕಿತ್ತುಕೊಳ್ಳುವಷ್ಟರಲ್ಲಿ ಮೇಲಿನಿಂದ ಒಟಿಲಿಯಾ ಸುರಿದ ಒಂದು ಬಕೆಟ್ ನೀರು ನನ್ನ ತಲೆಗೇ ಬಿತ್ತು.

"ಪ್ರಾರ್ಥನೆಗೆ ನಿಮ್ಮೋರು ಒಬ್ರೂ ಈ ಹೊಸ್ತಿಲು ತುಳೀಕೂಡ್ದು. ನೀವೂ ಅಷ್ಟೇ, ಕೊಂಪಾದ್ರೆ!"

ಮನೆಗೆ ಬಂದರೆ ಮಗಳು ಕೇಳುತ್ತಾಳೆ: "ಅಪ್ಪಾ, ಇನ್ನೊಂದು ಕ್ಷಮೆ ಕಳಿಸ್ಲಾ?"

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ" ಅಂದೆ.

ನಾಳೆ ನಿನ್ನ ವರ್ಷದ ಪ್ರಾರ್ಥನೆ, ಅದಕ್ಕೆ ನಾನಿಲ್ಲದಿದ್ದರೆ ಹೇಗೋ? ಇವತ್ತು ಟೋಪಿಯಿಲ್ಲದೆ, ವಾದ್ಯವಿಲ್ಲದೆ ಹೋಗಿ ಬಾಗಿಲು ತಟ್ಟಿದೆ. ಒಟಿಲಿಯಾ ಬಹಳ ಹೊತ್ತು ನನ್ನ ಮುಖ ನೋಡಿದಳು. ಒಳಗೆ ಬಾ ಅನ್ನಲಿಲ್ಲ. ಒಂದು ಕುರ್ಚಿ ತಂದು ಹೊಸ್ತಿಲ ಹೊರಗೆ ಇಟ್ಟು ಹೋದಳು. ನಾಳೆ ಅಲ್ಲೇ ಕೂರುತ್ತೇನೆ, ಬಾಯಿ ಮುಚ್ಚಿಕೊಂಡು.

ದೇವರು ನಿನ್ನ ನಿದ್ದೆ ಕಾಯಲಿ. ಕಹಳೆ ಕೇಳಿಸಿದರೆ ಏಳಬೇಡ ಚೆಂಚೊ, ಅದು ನಾನಲ್ಲ. ಆ ಯಂತ್ರಕ್ಕೆ ನಿನ್ನ ಹೆಸರು ಇನ್ನೂ ನೆನಪಿದೆ.

ನಿನ್ನ ಕೊಂಪಾದ್ರೆ,
ನಾಬೋರ್